ಆರನೇ ಮಹಡಿಯ ಬಿಸಿನೀರು

ಮು ಶಿಯುನ್‌ಗೆ ಪದವಿ ಸಿಗಲು ಎರಡು ಕ್ರೆಡಿಟ್ ಅಂಕ ಬಾಕಿಯಿತ್ತು. ಅವು ‘ಹೊಸತನ ಮತ್ತು ಉದ್ಯಮಶೀಲತೆ’ ವಿಷಯದವು. ಅವಿಲ್ಲದೆ ಚೀನಾದ ನಾನ್‌ಚಾಂಗ್‌ನ ನಮ್ಮ ವಿಶ್ವವಿದ್ಯಾಲಯದಿಂದ ಯಾರೂ ಹೊರಬೀಳುವಂತಿಲ್ಲ. ಅವಳ ತರಗತಿಯ ಹೊಣೆ ನನ್ನದು. ಹಾಗಾಗಿ ಅವಳಿಗಿಂತ ನನಗೇ ಹೆಚ್ಚು ದಿಗಿಲು.

ಅವಳ ಉದ್ಯಮ ಸರಳ. ಹಾಸ್ಟೆಲಿನ ಕುದಿನೀರಿನ ಕೋಣೆ ಅಂಗಳದಾಚೆ ಇದೆ. ಹೆಗಲ ಮೇಲಿನ ತಾತನ ಬಿದಿರಿನ ಅಡ್ಡೆಗೆ ಹನ್ನೆರಡು ಫ್ಲಾಸ್ಕ್ ತೂಗುಹಾಕಿಕೊಂಡು ಅವಳು ಆರನೇ ಮಹಡಿಗೆ ಹೊರುತ್ತಿದ್ದಳು. ಫ್ಲಾಸ್ಕಿಗೆ ಅರ್ಧ ಯುವಾನ್. ಎರಡು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ.

ಅಂಕ ಕೊಡುವ ಸಮಿತಿಯ ಅಧ್ಯಕ್ಷ ಪ್ರೊಫೆಸರ್ ಔಯಾಂಗ್ ಬೇಸರಪಟ್ಟರು. “ಗಿರಾಕಿಗಳು ಆಗ್ಲೇ ಇದಾರಲ್ಲಮ್ಮ! ಇನ್ನು ಕನಸು ಕಾಣೋಕೆ ಏನುಳೀತು? ಪಕ್ಕದ ತಂಡ ನೋಡು, ಚಂದ್ರನ ಮೇಲೆ ಲಾಂಡ್ರಿ. ಒಬ್ಬ ಗಿರಾಕಿ ಇಲ್ಲ. ಬೆಳೆಯೋಕೆ ಎಷ್ಟು ಜಾಗ!”

ಸಾಲದ್ದಕ್ಕೆ, ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ವ್ಯಾಪಾರ ಮಾಡುವುದೇ ನಿಯಮಬಾಹಿರ.

ನಾನು ಅವಳನ್ನು ಬದಿಗೆ ಕರೆದೆ. “ಡ್ರೋನ್ ಅಂತ ಸೇರಿಸಿಬಿಡೇ.”

“ಕುದಿನೀರು ಯಾರದಾದ್ರೂ ತಲೆ ಮೇಲೆ ಬಿದ್ರೆ ಮೇಡಂ?”

“ಹಾರಿಸೋರು ಯಾರೇ? ಬರೆದ್ರೆ ಸಾಕು.”

ಮರುವಾರ ಅವಳು ಅದೇ ಅಡ್ಡೆಯನ್ನು ‘ಡ್ರೋನ್‌ನ ಮೊದಲ ಮಾದರಿ’ ಎಂದು ಮೇಜಿನ ಮೇಲಿಟ್ಟಳು. ಔಯಾಂಗ್ ಬಿದಿರನ್ನು ಸವರಿದರು.

“ಬ್ಯಾಟರಿ?”

“ಬೆಳಿಗ್ಗೆ ಅಕ್ಕಿ ನೂಡಲ್ಸ್ ತಿಂದ್ಕೊಂಡೇ ಬಂದಿದೀನಿ ಸರ್.”

‘ಹಸಿರು ಇಂಧನ’ ಎಂದು ಅವರು ಗುರುತು ಹಾಕಿಕೊಂಡರು. ಸಮಿತಿ ಎದ್ದುನಿಂತು ಚಪ್ಪಾಳೆ ತಟ್ಟಿತು. ಎರಡೂ ಅಂಕ ಮಂಜೂರಾದವು, ಒಂದು ಷರತ್ತಿನ ಮೇಲೆ: ಪದವಿ ಮುಗಿಯುವವರೆಗೆ ಯೋಜನೆ ಯೋಜನೆಯಾಗಿಯೇ ಉಳಿಯಬೇಕು. ಶಿಯುನ್ ಒಂದೇ ಒಂದು ಫ್ಲಾಸ್ಕ್ ಹೊತ್ತರೂ ಅಂಕ ರದ್ದು. ಅಡ್ಡೆಯನ್ನು ಪ್ರದರ್ಶನದ ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು.

ಸಹಿಗೆಂದು ಷರತ್ತಿನ ಪತ್ರ ಮುಂದಿಟ್ಟರೆ ಶಿಯುನ್ ಪೆನ್ನಿನ ಮುಚ್ಚಳ ಮುಚ್ಚಿದಳು. “ಹನ್ನೆರಡು ಜನ ಕಾಯ್ತಿದಾರೆ ಮೇಡಂ. ಅದ್ರಲ್ಲಿ ಆರನೇ ಮಹಡಿಯ ತಾನ್ ಯಿಂಗ್‌ಗೆ ಕಾಲು ಬೇರೆ ಮುರಿದಿದೆ.”

“ಮೊದ್ಲು ಸಹಿ ಹಾಕೇ, ಪುಣ್ಯಾತ್ಗಿತ್ತಿ!”

ಹಾಕಿದಳು. ಆದರೆ ನನ್ನ ಮುಖ ನೋಡಲಿಲ್ಲ.

ನಾನು ನಿಯಮಾವಳಿಯನ್ನು ಮೂರು ಸಲ ಓದಿದೆ. ಎಲ್ಲ ಕಡೆಯೂ ‘ವಿದ್ಯಾರ್ಥಿಗಳು’ ಎಂದೇ ಇತ್ತು. ಅಧ್ಯಾಪಕರ ಬಗ್ಗೆ ಚಕಾರವಿಲ್ಲ. ಸಂಜೆ ಐದಕ್ಕೆ ಕೈಗೆರಡರಂತೆ ನಾಲ್ಕು ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತತೊಡಗಿದೆ. ಇನ್ನೂ ಎರಡು ಸಲ ಬರಬೇಕಿತ್ತು. ಶಿಯುನ್ ಬರಿಗೈಯಲ್ಲಿ ಬೆನ್ನ ಹಿಂದೆಯೇ ಬಂದಳು.

“ಹಂಗಲ್ಲ ಮೇಡಂ, ಮೊಣಕೈ ಒಳಗೆ. ಕೆಳಗೆ ನೋಡ್ಬೇಡಿ.”

ನಾಲ್ಕನೇ ಮಹಡಿಯಲ್ಲಿ ಎದುರಾದ ಹುಡುಗಿಯೊಬ್ಬಳು ಗೋಡೆಗೆ ಸರಿದು ದಾರಿ ಬಿಟ್ಟಳು.

“ಅಯ್ಯೋ ಮೇಡಂ, ನಿಮ್ಗೂ ಅಂಕ ಬಾಕಿನಾ?”

ನಾನು ಮೊಣಕೈ ಒಳಗೆಳೆದುಕೊಂಡು ಐದನೇ ಮಹಡಿಯ ಮೆಟ್ಟಿಲಿಗೆ ಕಾಲಿಟ್ಟೆ.