ಇವರು ನಿನಗೇನಾಗಬೇಕು?

"ಚೀಸೂ ಬೇಡ ಅವ್ವ. ಎಷ್ಟು ಸಲ ಹೇಳ್ಲಿ?"

ದೆಲ್ಮಿರಾ ಕಾರಿನ ಡಿಕ್ಕಿಯೊಳಗೆ ಸೊಂಟದವರೆಗೆ ತೂರಿಕೊಂಡಿದ್ದಳು. ಅಲ್ಲಿಂದ ಒಂದೊಂದೇ ಗಂಟು ಹೊರಬರುತ್ತಿತ್ತು. ಬಟ್ಟೆ ಸುತ್ತಿದ ಚೀಸು, ಒಣಗಿಸಿದ ಲಾಮಾ ಮಾಂಸ, ಹಿಮದಲ್ಲಿ ಒಣಗಿಸಿ ಕಪ್ಪಾದ ಆಲೂಗಡ್ಡೆ, ಕೀನ್ವಾ ಚೀಲ. ಬಸಿಲಿಯಾ ಬೆಳಗ್ಗೆಯಿಂದ ತುಂಬಿದ್ದನ್ನೆಲ್ಲ ಅವಳ ಮಗಳು ನಾಲ್ಕು ಗಂಟೆಯ ಬಿಸಿಲಲ್ಲಿ ಅಂಗಳಕ್ಕೆ ಇಳಿಸುತ್ತಿದ್ದಳು.

"ಹುರಿದ ಕಾಳಾದ್ರೂ ಇರ್ಲಿ ಕಣೆ. ದಾರೀಲಿ ಮಗು ಬಾಯಾಡಿಸ್ತಾಳೆ."

"ಕಾಳು, ಬೀಜ, ಹಣ್ಣು, ಹಾಲು, ಮಾಂಸ, ಚಿಲಿಯೋರು ಒಂದೂ ಬಿಡಲ್ಲ."

"ಉಸಿರಾಡೋಕಾದ್ರೂ ಬಿಡ್ತಾರಾ?"

ಗಡಿ ಇನ್ನೂ ಇನ್ನೂರೈವತ್ತು ಕಿಲೋಮೀಟರ್ ದೂರವಿತ್ತು. ಗಡಿಬಿಡಿ ಮಾತ್ರ ಆಗಲೇ ಮನೆಗೆ ಬಂದಿತ್ತು. ನಿನ್ನೆ ಬಸಿಲಿಯಾ ಹೊಸ ಗಾಡಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು. ನಾಲ್ಕು ಚಕ್ರಕ್ಕೂ ಬಿಯರ್ ಎರೆದು, ಬಾನೆಟ್ಟಿಗೆ ಬಣ್ಣದ ಕಾಗದದ ಮಾಲೆ ಹಾಕಿ, ಭೂಮಿತಾಯಿಯ ಹೆಸರು ಹೇಳಿದ್ದಳು. ಇಂದು ಬೆಳಗ್ಗೆ ಎದ್ದು ನೋಡಿದರೆ ಮಗಳು ಸೋಪು ಹಾಕಿ ಅದನ್ನೆಲ್ಲ ತೊಳೆಯುತ್ತಿದ್ದಳು. ಕಾರು ಕುಡಿದ ಹಾಗೆ ನಾರಿದರೆ ಡ್ರೈವರನ್ನೂ ಊದಿಸಿ ನೋಡುತ್ತಾರಂತೆ.

ಆರು ವರ್ಷದ ಹಿಂದೆ ದೆಲ್ಮಿರಾ ಈ ಒರೂರೋ ಊರು ಬಿಟ್ಟು ಚಿಲಿಯ ಆಂತೊಫಗಾಸ್ತಾಕ್ಕೆ ಕೆಲಸ ಹುಡುಕಿಕೊಂಡು ಹೋದಾಗ ಅವಳ ಮಗಳು ನೈರಾಗೆ ಮೂರು ವರ್ಷ; ಹುಡುಗಿ ಅಜ್ಜಿ ಬಸಿಲಿಯಾಳ ಬಳಿ ಉಳಿದಳು. ಆರು ವರ್ಷ ದೆಲ್ಮಿರಾ ಒಂದು ಹೋಟೆಲಿನ ಚಾದರಗಳನ್ನು ಒಗೆದಳು. ಈಗ ಎರಡು ಕೋಣೆಯ ಮನೆಯಿದೆ, ಸೆಕೆಂಡ್ ಹ್ಯಾಂಡ್ ಕಾರಿದೆ, ಶಾಲೆಯಲ್ಲಿ ಸೀಟಿದೆ. ಸೋಮವಾರ ಶಾಲೆ ಶುರು. ನಾಳೆ ನಸುಕಿಗೆ ಹೊರಟರೆ ಮಧ್ಯಾಹ್ನದೊಳಗೆ ಪಿಸಿಗಾ ಗಡಿ, ಆಮೇಲೆ ಮರುಭೂಮಿಯಲ್ಲಿ ಒಂದು ದಿನದ ದಾರಿ. ಹುಡುಗಿಯ ಅಪ್ಪ ಸಹಿ ಹಾಕಿದ ಒಪ್ಪಿಗೆ ಪತ್ರ ಸೀಲು ಹೊಡೆಸಿಕೊಂಡು ಸಿದ್ಧವಾಗಿತ್ತು. ಉಳಿದದ್ದು ಒಂದೇ. ಪತ್ರ ಮಾಡಿಕೊಟ್ಟ ನೋಟರಿ ಹೇಳಿದ್ದ: "ಗಡೀಲಿ ಮಗೂನೂ ಒಂದು ಮಾತು ಕೇಳ್ತಾರಮ್ಮ. ತಡವರಿಸಿದ್ರೆ ಕಾಗದ ಎಷ್ಟಿದ್ರೂ ಪಕ್ಕಕ್ಕೆ ನಿಲ್ಲಿಸ್ತಾರೆ."

ಅದಕ್ಕೇ ಬಸಿಲಿಯಾ ತನ್ನ ತಮ್ಮ ಪೊನ್ಸಿಯಾನೊನನ್ನು ಕರೆಸಿದ್ದಳು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಗಿರಾಕಿ ಹಿಡಿಯುವುದು ಅವನ ಕೆಲಸ. "ಇಕೀಕೆ, ಇಕೀಕೆ, ಇಕೀಕೇ!" ಎಂದು ಮೂವತ್ತು ವರ್ಷ ಗಡಿಯಾಚೆಗೆ ಜನರನ್ನು ಕೂಗಿ ಕಳಿಸಿದ್ದ, ತಾನು ಮಾತ್ರ ನಿಲ್ದಾಣದ ಗೇಟು ದಾಟಿದವನಲ್ಲ. ಆದರೆ ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ಉಳಿದುಬಿಡುತ್ತಿತ್ತು.

ಅವನು ಅಂಗಳದ ನಡುವೆ ಎರಡು ಬಕೆಟ್ಟಿಟ್ಟು, ಮೇಲೆ ಗಡಿಯ ಗೇಟಿನಂತೆ ಪೊರಕೆ ಅಡ್ಡ ಹಾಕಿದ. ಟೋಪಿ ಹಣೆಗಿಳಿಸಿದ. ಹೊಟ್ಟೆ ಮುಂದೆ ಬಂತು, ಪದಗಳ ಬಾಲವೆಲ್ಲ ಗಂಟಲೊಳಗೆ ಹೋಯಿತು, ಚಿಲಿಯವರ ಹಾಗೆ ಮಾತಿನ ಕೊನೆಗೆಲ್ಲ ಒಂದು 'ಪೋ' ಅಂಟಿತು.

"ನಿಲ್ಸಿ ಗಾಡಿ, ಪೋ! ಏನ್ ತಂದಿದೀರ, ಪೋ?"

ನೈರಾ ಕಿಲಕಿಲ ನಕ್ಕಳು. "ತಾತ, ಅವ್ರು ಹಾಗೇ ಮಾತಾಡ್ತಾರಾ?"

"ಬಾ ಅನ್ನೋಕೂ ಪೋ ಅನ್ನೋ ಜನ ಅವ್ರು. ನಗಬಾರ್ದು. ನಗೋದಕ್ಕೂ ಫಾರಂ ತುಂಬ್ಬೇಕು."

ಆಮೇಲೆ ಅವನು ಗಡಿ ಪೊಲೀಸರ ನಾಯಿಯಾದ. ನಾಲ್ಕು ಕಾಲಲ್ಲಿ ಚಕ್ರ ಮೂಸಿದ, ಬಸಿಲಿಯಾಳ ಲಂಗ ಮೂಸಿ ಸೀನಿದ. ಮೂಸುತ್ತ ಮೂಸುತ್ತ ನೈರಾ ಹೊಸದಾಗಿ ತೊಟ್ಟಿದ್ದ ಜಾಕೆಟ್ಟಿನ ಕೆಳ ಅಂಚಿಗೆ ಬಂದು ಬೊಗಳಿದ.

ತಮಾಷೆಯ ನಾಯಿಗೆ ಅಲ್ಲಿ ಏನಿದೆಯೆಂದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಗೊತ್ತಿದ್ದದ್ದು ಬಸಿಲಿಯಾ ಒಬ್ಬಳಿಗೆ. ಮೊನ್ನೆ ಆ ಅಂಚು ಬಿಚ್ಚಿ, ಮೂರು ಮೂರಾಗಿ ಆರಿಸಿದ ಕೋಕಾ ಎಲೆಗಳನ್ನಿಟ್ಟು ಹೊಲಿದಿದ್ದಳು. ಎಲೆಯಿಲ್ಲದೆ ಅವರ ಮನೆಯಲ್ಲಿ ಯಾರೂ ದೂರದ ದಾರಿ ಹಿಡಿದವರಲ್ಲ. ದೆಲ್ಮಿರಾ ಹೋದಾಗಲೂ ಅವಳಿಗೆ ಹೇಳದೆಯೇ ಹೊಲಿದಿದ್ದಳು, ಏನೂ ಆಗಿರಲಿಲ್ಲ.

"ಮಾಮ, ನಾಯಿ ವಿಷಯ ತಮಾಷೆ ಅಲ್ಲ," ಎಂದಳು ದೆಲ್ಮಿರಾ. "ನಮ್ಮ ಬೀದಿಯವಳೊಬ್ಬಳು ಹೋದ ತಿಂಗಳು ಸಿಕ್ಕಿಹಾಕ್ಕೊಂಡ್ಳು. ಪರ್ಸಲ್ಲಿ ಹಿಡಿಯಷ್ಟು ಕೋಕಾ ಎಲೆ. ಇಲ್ಲಿ ದೇವ್ರಿಗಿಡೋದು, ಅಲ್ಲಿ ಮಾದಕ ವಸ್ತು. ತಾಯಿ ಮಗು ಇಬ್ರನ್ನೂ ವಾಪಸ್ ಕಳಿಸಿದ್ರು. ಮತ್ತೆ ಕಾಗದ ಮಾಡಿಸ್ಬೇಕಂದ್ರೆ ಒಂದು ವರ್ಷ ಅಂತೆ."

ಒಂದು ವರ್ಷ.

ಒಂದು ವರ್ಷವೆಂದರೆ ಇನ್ನೊಂದು ಚಳಿಗಾಲ, ಒಂದೇ ಕಂಬಳಿಯಲ್ಲಿ ಬೆನ್ನಿಗಂಟಿದ ನೈರಾಳ ಎರಡು ತಣ್ಣನೆ ಪಾದ. ಎಲೆ ಸಿಕ್ಕಿಬಿದ್ದರೂ ಯಾರೂ ಬಸಿಲಿಯಾಳನ್ನು ಅನ್ನುವ ಹಾಗಿರಲಿಲ್ಲ. ಹಳೇ ಕಾಲದ ಮುದುಕಿ, ತಿಳಿಯದೆ ಹೊಲಿದಳು, ಅಷ್ಟೇ. ನೈರಾಳನ್ನು ಹತ್ತಿರಕ್ಕೆಳೆದುಕೊಂಡು ಜಾಕೆಟ್ಟಿನ ಅಂಚನ್ನು ಒಳಕ್ಕೆ ಮಡಚಿದಳು.

"ಹೂಂ, ಮುಂದೆ ಕೇಳೋ," ಎಂದಳು ತಮ್ಮನಿಗೆ.

ಪೊನ್ಸಿಯಾನೊ ಎದ್ದು ಮೊಣಕಾಲು ಕೊಡವಿ ಮತ್ತೆ ಅಧಿಕಾರಿಯಾದ. "ಹೆಸ್ರೇನು, ಪೋ?"

"ನೈರಾ."

"ಎಲ್ಲಿಗೆ?"

"ಆಂತೊಫಗಾಸ್ತಾ."

"ಗಾಡಿ ಓಡಿಸ್ತಿದಾರಲ್ಲ, ಇವರು ನಿಂಗೇನಾಗ್ಬೇಕು?"

ಹುಡುಗಿ ದೆಲ್ಮಿರಾಳನ್ನು ನೋಡಿದಳು, ಬಸಿಲಿಯಾಳನ್ನು ನೋಡಿದಳು. "ದೆಲ್ಮಿ," ಎಂದಳು.

"ಹೆಸ್ರು ಕೇಳ್ಲಿಲ್ಲ, ಪೋ. ಏನಾಗ್ಬೇಕು?"

ನೈರಾ ನಿಜವಾಗಿ ಯೋಚಿಸಿದಳು. ಸರಿಯುತ್ತರ ಹೊಳೆದವಳಂತೆ ಬಸಿಲಿಯಾಳ ಕಡೆ ಬೆರಳು ಮಾಡಿದಳು. "ಅಮ್ಮನ ಮಗಳು."

ಪೊನ್ಸಿಯಾನೊನ ಹೊಟ್ಟೆ ತಾನಾಗಿ ಒಳಕ್ಕೆ ಹೋಯಿತು. ದೆಲ್ಮಿರಾ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಬಟ್ಟೆ ಎತ್ತಿಕೊಂಡು ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗಿದಳು. ಮೊಣಕೈವರೆಗೆ ಅವಳ ಚರ್ಮ ಬಟ್ಟೆ ಒಗೆಯುವ ಸೋಡಾದ ನೀರಿಗೆ ಬೆಂದು ಬಿಳಿಚಿತ್ತು. ಬಂದು ನಾಲ್ಕು ದಿನವಾಗಿದ್ದರೂ ಬಸಿಲಿಯಾ ಆ ಕೈಯನ್ನು ನೋಡಿದ್ದು ಈಗ.

"ತಪ್ಪಾಯ್ತಾ?" ಎಂದಳು ನೈರಾ ಮೆಲ್ಲಗೆ.

"ಇನ್ನೊಂದ್ಸಲ ಕೇಳು ಪೊನ್ಸಿ," ಎಂದಳು ಬಸಿಲಿಯಾ.

"ಅಕ್ಕ, ಸ್ವಲ್ಪ ಹೊತ್ತು ಬಿಟ್ಟು..."

"ಕೇಳೋ ಅಂದ್ರೆ."

ಅವನು ಕೇಳಿದ. ಹುಡುಗಿ ತುಟಿ ತೆರೆದು ಬಸಿಲಿಯಾಳ ಮುಖವನ್ನೇ ಹುಡುಕಿದಳು, ಪಾಠ ಮರೆತವಳು ಟೀಚರ ಮುಖ ಹುಡುಕುವಂತೆ.

"ನನ್ನ ಯಾಕೆ ನೋಡ್ತೀ? ಅಲ್ಲಿ ನಾನಿರಲ್ಲ." ದನಿ ಅವಳಂದುಕೊಂಡದ್ದಕ್ಕಿಂತ ಗಡುಸಾಯಿತು. "ಆ ಜಾಕೆಟ್ ಬಿಚ್ಚಿ ಕೊಡು ಇಲ್ಲಿ. ಹೊಲಿಗೆ ನೆಟ್ಟಗಿಲ್ಲ."

"ಚೆನ್ನಾಗೇ ಇದೆಯಲ್ಲಮ್ಮ."

"ಕೊಡು ಅಂದೆ."

ಒಳಗೆ ಹೋಗಿ ಬಾಗಿಲೆಳೆದುಕೊಂಡು, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಳು. ಮೊನ್ನೆ ಬಲವಾಗಿರಲೆಂದು ಎರಡೆಳೆಯ ದಾರ ಹಾಕಿದ್ದಳು. ಈಗ ಒಂದೊಂದು ಹೊಲಿಗೆಯೂ ಜಗ್ಗಾಡಿಸಿತು. ಹೊರಗೆ ಪೊನ್ಸಿಯಾನೊ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು.

"ಇವರು ನಿಂಗೇನಾಗ್ಬೇಕು?" ಈ ಸಲ ಅವನು ಪೋ ಹಾಕಲು ಮರೆತ.

ಗಾಜಿನ ಮೇಲೆ ಬಟ್ಟೆ ಉಜ್ಜುವ ಸದ್ದು ನಿಂತಿತು. ಬಸಿಲಿಯಾ ಕೊನೆಯ ಹೊಲಿಗೆಯಡಿ ಸೂಜಿ ತೂರಿಸಿ ಹಾಗೇ ಹಿಡಿದುಕೊಂಡಳು.

"ನನ್ನ ತಾಯಿ," ಎಂದಳು ನೈರಾ.

"ಹೆಸ್ರು?"

"ದೆಲ್ಮಿರಾ ಕೋಲ್ಕೆ."

"ಹೋಗಿ," ಎಂದ ಪೊನ್ಸಿಯಾನೊ, ಯಾರದೂ ಅಲ್ಲದ ದನಿಯಲ್ಲಿ. ಪೊರಕೆ ಬಕೆಟ್ಟಿನಿಂದ ಕೆಳಗೆ ಬಿದ್ದ ಸದ್ದಾಯಿತು.

ಸೂಜಿ ಮೇಲಕ್ಕೆ ಬಂತು. ಅಂಚು ಬಾಯಿಬಿಟ್ಟು ಎಲೆಗಳು ಮಡಿಲಿಗೆ ಉದುರಿದವು. ಎಲೆ ಹೇಗೆ ಬಿತ್ತು ಎಂಬುದರಲ್ಲಿ ನಾಳಿನ ದಾರಿ ಓದುವ ವಾಡಿಕೆ ಅವಳದು; ಇಂದು ನೋಡಲಿಲ್ಲ. ಬೆರಳಿಗೆ ಸಿಕ್ಕಿದಂತೆ ಒಂದೊಂದಾಗಿ ಎತ್ತಿ ದವಡೆಗೆ ಒತ್ತಿಕೊಂಡಳು. ಆಮೇಲೆ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಕಿಟಕಿಯ ಬೆಳಕಿಗೆ ಸೂಜಿ ಎತ್ತಿ ಹಿಡಿದಳು.