ಇನ್ನೊಂದೇ ಸಲ ಉಜ್ಜಿದ್ದು

ಗಡಿಯಾರದ ಚಕ್ರದ ಅಚ್ಚಿನ ತುದಿ ಆಗಲೇ ಹೊಳೆಯುತ್ತಿತ್ತು. ಲೋಹ ಕಡೆಯುವ ಪುಟ್ಟ ಲೇತಿನ ಮುಂದೆ ಬಾಗಿ ಕೂತ ನನ್ನ ಗಂಡನಿಗೆ ಮಾತ್ರ ಸಮಾಧಾನವಿಲ್ಲ.

"ಇನ್ನೊಂದೇ ಸಲ ಉಜ್ತೀನಿ ಕಣೇ" ಅಂದರು. ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಕೈಗಡಿಯಾರಗಳನ್ನು ಮೊದಲಿನಿಂದ ಕೊನೆಯವರೆಗೆ ನಾವಿಬ್ಬರೇ ಮಾಡುತ್ತೇವೆ. ಮುಳ್ಳು, ಡಯಲು, ಕವಚ ನನ್ನವು. ಒಳಗೆ ಆಡುವ ಬ್ಯಾಲೆನ್ಸ್ ಚಕ್ರ, ಅಂದರೆ ಗಡಿಯಾರದ ಜೀವ, ಅವರದು. ಅದನ್ನು ಮುಟ್ಟಲು ನನ್ನನ್ನೂ ಬಿಟ್ಟವರಲ್ಲ ಪುಣ್ಯಾತ್ಮ. "ಆಮೇಲೆ ಕಲಿಸ್ತೀನಿ" ಅನ್ನುತ್ತಲೇ ಇಬ್ಬರ ತಲೆಯೂ ನರೆಯಿತು. ಈಗ ಅವರು ಮಸೂರ ಸಿಕ್ಕಿಸಿಕೊಳ್ಳುವ ಕಣ್ಣೇ ಕೈಕೊಟ್ಟಿದೆ. ಇನ್ನೊಂದು ಹುಟ್ಟಿನಿಂದಲೇ ಮಂಕು. ನಾಳೆ ಆಪರೇಷನ್. ದೃಷ್ಟಿ ಉಳಿದರೂ ಇಂಥ ಕೆಲಸಕ್ಕೆ ಬಾರದು ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಅದಕ್ಕೇ ಈ ಕೊನೆಯ ಗಡಿಯಾರವನ್ನು ಇವತ್ತೇ, ತಾವೇ ಓಡಿಸಬೇಕೆಂಬ ಹಟ.

ಚಕ್ರದ ಅಚ್ಚಿನ ತುದಿ ಕೂದಲಷ್ಟು ಸಣ್ಣದು. ಹೊಳಪು ಕೊಡುವಾಗ ಎಲ್ಲಿ ನಿಲ್ಲಿಸಬೇಕೆಂಬುದೇ ವಿದ್ಯೆ. ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿಸುವುದು ನಮ್ಮ ಕಸುಬಿನವರ ಚಟ.

"ಸಾಕು ಬಿಡ್ರೀ."

"ನಿಂಗೇನ್ ಗೊತ್ತು, ಸುಮ್ನಿರು."

ಅಚ್ಚಿನ ತುದಿ ಟಿಕ್ ಎಂದಿತು. ಅವರು ಮಾತ್ರ ಉಸಿರು ಬಿಗಿಹಿಡಿದು, ಮಗುವಿನ ಮುಖ ಒರೆಸುವಷ್ಟು ಮೆತ್ತಗೆ, ತುದಿಯೇ ಇಲ್ಲದ ಅಚ್ಚನ್ನು ಉಜ್ಜುತ್ತಲೇ ಇದ್ದರು.

"ಈಗ ನೋಡು ಹೆಂಗಿದೆ!" ಎಂದು ಮಸೂರ ಕೊಟ್ಟರು.

"ಮುರಿದಿದೆ ರೀ."

"ಯಾವಾಗ?"

"ಆಗ್ಲೇ."

"ಮುರಿದ್ಮೇಲೂ ಉಜ್ತಿದ್ನಾ ನಾನು?"

ತಲೆಯಾಡಿಸಿದೆ. ಅದೂ ಅವರಿಗೆ ಕಾಣಿಸಲಿಲ್ಲವೇನೋ, ಕಾಯುತ್ತಲೇ ಇದ್ದರು. "ಹೂಂ" ಎಂದೆ.

ಅವರು ಎದ್ದು, ತಮ್ಮ ಸ್ಟೂಲಿನ ಮೇಲೆ ಮೊಟ್ಟಮೊದಲ ಸಲ ನನ್ನನ್ನು ಕೂರಿಸಿದರು. "ಹೊಸ ಅಚ್ಚು ಮಾಡು. ನಾನ್ ಹೇಳ್ತಾ ಹೋಗ್ತೀನಿ."

ಲೇತು ನನಗೆ ಹೊಸದಲ್ಲ. ಸಂಜೆಯ ಹೊತ್ತಿಗೆ ಅಚ್ಚು ಕಡೆದಾಯಿತು, ತುದಿಯೂ ಬಂತು. ಉಜ್ಜತೊಡಗಿದೆ. ಹೊಳಪು ಏರುತ್ತಿದ್ದಂತೆ ಹೆದರಿಕೆಯೂ ಏರಿತು.

"ಎಷ್ಟಾದ್ರೆ ಸಾಕು ರೀ? ಹೆಂಗ್ ಗೊತ್ತಾಗತ್ತೆ?"

ಅವರು ಹತ್ತಿರ ಬಾಗಿ, ಅಚ್ಚಿನತ್ತ ಕಣ್ಣು ಕಿರಿದಾಗಿಸಿ ನೋಡಿದರು.

"ಕಣ್ಣಿಗೆ ಗೊತ್ತಾಗತ್ತೆ ಕಣೇ" ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದರು.

ನನ್ನ ಕೈ ಇನ್ನೂ ಉಜ್ಜುತ್ತಲೇ ಇತ್ತು. ನಿಲ್ಲಿಸಬೇಕೋ ಬೇಡವೋ ನನಗೆ ತಿಳಿಯಲಿಲ್ಲ.