ಹೊಳೆವ್ವನ ಗಂಡನ ಹೆಸರು

ನಮ್ಮವ್ವ ಹೊಳೆವ್ವನ ಕಾಲಿಗೆ ಮುಳ್ಳು ಮುರಿದು, ಕೀವಾಗಿ, ಜ್ವರ ತಲೆಗೇರಿತ್ತು. ಮಗ್ಗ ಬಂದ್ ಮಾಡಿ, ಆಟೋದಾಗ ಹಾಕ್ಕೊಂಡು ಬನಹಟ್ಟಿಯ ಮುರಗೆಪ್ಪ ಡಾಕ್ಟರ ದವಾಖಾನಿಗೆ ಒಯ್ದೆ. ಸೂಜಿ ತುಂಬಿದ ಡಾಕ್ಟರು ಹಂಗೇ ನಿಂತುಬಿಟ್ಟರು.

“ಹಿಂದಕ ಯಾವುದೋ ಇಂಜೆಕ್ಷನ್ ಒಗ್ಗದ ಉಸಿರು ಕಟ್ಟಿತ್ತಂದಿ. ಯಾವ್ದದು?”

“ನನಗೇನ್ ಗೊತ್ತರೀ? ಕೊಟ್ಟವರು ನಿಮ್ಮ ದವಾಖಾನ್ಯಾವರ.”

ಕೊಟ್ಟ ಹಳೇ ಡಾಕ್ಟರು ಈಗಿಲ್ಲ. ಅವರು ಬರೆದಿಟ್ಟ ಕಾರ್ಡೂ ಇಲ್ಲ. ತೊಂಬತ್ತೆಂಟರಾಗ ಕಂಪ್ಯೂಟರ್ ತಂದು, ಬಂದ ಬಂದ ಪೇಶಂಟಿನ ಹೆಸರು ಕೇಳಿ, ಕಾರ್ಡಿನಾಗ ಇದ್ದದ್ದನ್ನ ಅದರಾಗ ಹಾಕಿ, ಕಾಗದ ಹರಿದೊಗೆದಿದ್ದರು.

ಆ ಕಂಪ್ಯೂಟರ್ ಮುಂದ ಕುಂತ ಗಂಗಾರಾಮ ಅಂದ, “ಹೊಳೆವ್ವ ಅಂದ್ರ ಇಲ್ಲಿ ಒಂದು ಹಿಂಡೇ ಐತಿ. ಗಂಡನ ಹೆಸರು ಹೇಳೋ.”

“ಅಮಸಿದ್ದಪ್ಪ.”

ಟಕಟಕ ಒತ್ತಿದ. “ಇಲ್ಲ. ನಿಮ್ಮವ್ವ ಇಲ್ಲಿಗೆ ಬಂದೇ ಇಲ್ಲ.”

ನನ್ನ ನೆತ್ತಿ ಸಿಡೀತು. “ಬಂದೇ ಇಲ್ಲಾ? ಈ ಡಬ್ಬಿ ಬಂದ ವರ್ಷ ಉಗಾದಿ ಮುಂದ ಕೆಮ್ಮು ಅಂತ ಬಂದಾಗ ಹೆಸರು ಕೇಳಿದಾಂವ ನೀನ ಅಲ್ಲೇನಲೇ? ನಾ ಸಾಲಿ ಬಿಟ್ಟಾಂವ, ಹೊರಗ ನಿಂತಿದ್ದೆ, ನನಗ ನೆನಪೈತಿ. ನಿನ್ನ ಶಾಣ್ಯಾ ಡಬ್ಬಿ ಮರತೈತಿ!”

“ಗೊತ್ತಿಲ್ಲದ ಕೊಟ್ರ ಜೀವಕ್ಕ ಕುತ್ತು,” ಅಂದರು ಡಾಕ್ಟರು. “ಕೊಡದ ಕುಂತ್ರ ಕೀವು ಮೈಗೆಲ್ಲ ಏರತೈತಿ.”

ಗಂಗಾರಾಮ ಎದ್ದು ಅವ್ವನ ಮಂಚದ ಕಡೆ ಹೋದ. “ನೀನ ಹೇಳಬೇ, ಗಂಡನ ಹೆಸರೇನು? ಮಗ ತಪ್ಪು ಹೇಳ್ಯಾನೋ ಏನೋ.”

ಅಪ್ಪನ ಹೆಸರು ತಪ್ಪು ಹೇಳ್ತೀನಂತ! ಅವನ ಕೊರಳಪಟ್ಟಿಗೆ ಕೈ ಹಾಕಿದ್ದೆ. ಆ ಜ್ವರದಾಗೂ ಅವ್ವ ಸೆರಗು ಎಳಕೊಂಡಳು.

“ಯಪ್ಪಾ, ಹೆಸರು ಹೆಂಗ ಹೇಳ್ಲಿ... ಗುರಪ್ಪನ ಅಪ್ಪ...”

ಗುರಪ್ಪ ನಮ್ಮಣ್ಣ. ನಮ್ಮ ಓಣ್ಯಾಗ ಯಾವ ಹೆಣ್ಣುಮಗಳೂ ಗಂಡನ ಹೆಸರು ಬಾಯಾಗ ತರೂದಿಲ್ಲ, ಹಿರೇಮಗನ ಹೆಸರು ಹಿಡಿದು ಹೇಳತಾರ. ನನ್ನ ಕೈ ಸಡಿಲಾತು.

“ಲೇ ಗಂಗಾರಾಮ, ಅವತ್ತೂ ಹಿಂಗ ಅಂದಿರ್ತಾಳ. ಗದ್ದಲದಾಗ ನೀ ಬರೇ ಗುರಪ್ಪ ಅಂತ ಒತ್ತೀದಿ. ಗಂಡ ಗುರಪ್ಪ ಅಂತ ನೋಡು, ಓಡು!”

ಓಡಿದ. ಒತ್ತಿದ. ಒಳಗಿಂದಲೇ ಒದರಿದ, “ಸಿಕ್ತರೀ! ಪೆನ್ಸಿಲಿನ್ ಕೊಡಬ್ಯಾಡ್ರಿ ಅಂತೈತಿ!”

ಡಾಕ್ಟರು ಕೈಯಾಗಿನ ಸೂಜಿ ಮೆಲ್ಲಕ ತಾಟಿನೊಳಗ ಇಟ್ಟರು. “ಇದರಾಗ ಅದೇ ಇತ್ತು.”

ಬ್ಯಾರೆ ಔಷಧ ತುಂಬಿ ಚುಚ್ಚಿದರು. ನಾ ಗ್ವಾಡಿಗೆ ಬೆನ್ನು ಕೊಟ್ಟು ಕುಂತೆ.

“ನಮ್ಮಣ್ಣನ್ನ ನಮ್ಮವ್ವನ ಗಂಡ ಮಾಡಿದ್ಯಲ್ಲೋ, ಹಲ್ಕಟ್! ಎಷ್ಟು ತಾಯಂದಿರಿಗೆ ಹಿಂಗ ಮಾಡೀಯೋ! ನಾಳೆ ಒಬ್ಬೊಬ್ಬರನ್ನ ಕರದು ಕೇಳಿ ತಿದ್ದು. ಇಲ್ಲಾಂದ್ರ ಆ ಡಬ್ಬಿ ಕೆರಿಗೆ ಒಗಿತೀನಿ.”

“ತಿದ್ದತೀನೋ ಮಾರಾಯಾ,” ಅಂದ ಗಂಗಾರಾಮ. ಅವನ ಮಾರಿನೂ ಬೆವತಿತ್ತು. “ಬೈಯೋ, ಎಷ್ಟಾರ ಬೈಯೋ. ಉಳದ್ಲಲ್ಲ.”

ಇನ್ನೂ ಬೈಯಬೇಕಂದ್ರ ಬಾಯಿಗೆ ನಗಿ ಬಂತು.

ಸಂಜಿಗೆ ಅವ್ವಗ ಬೆವರು ಬಿಟ್ಟಿತು. ಕಣ್ಣು ತೆರೆದು ನನ್ನ ನೋಡಿದಳು.

“ಹಾಲಸಿದ್ದಾ, ಯಾರ ಮ್ಯಾಲ ಬಾಯಿ ಮಾಡಾಕತ್ತಿದ್ಯೋ? ಹಸಿವಾಗೈತಿ, ರೊಟ್ಟಿ ತಾ.”

ಓಡಿದೆ. ಕಣ್ಣೀರು ಒರಸ್ಕೊಳ್ಳಲಿಲ್ಲ. ಯಾರ್ ನೋಡಿದ್ರೇನು.